ನಾನು ಹಿಡಿಯದ ಟವೆಲ್

ನನ್ನ ತಮ್ಮ ದೀಕ್ಷಾಸ್ನಾನದ ನೀರಿನಿಂದ ಎದ್ದು ಬಂದಾಗ ಅವನ ಎದುರಿಗೆ ಟವೆಲ್ ಹಿಡಿದು ನಿಲ್ಲಬೇಕಾಗಿದ್ದವಳು ನಾನು. ನಿಲ್ಲಲಿಲ್ಲ. ಟವೆಲ್ ಇರಲಿಲ್ಲ ಎಂದಲ್ಲ, ಇತ್ತು. ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಮುಟ್ಟಿ ನೋಡಿ, ಕೆನ್ನೆಗೆ ಒತ್ತಿ ನೋಡಿ, ಅಂಗಡಿಯವನ ಕೈಲಿ ಬೈಸಿಕೊಂಡು ನಾನೇ ಆರಿಸಿ ತಂದದ್ದು. ಮರೆತೆ ಎಂದೂ ಅಲ್ಲ. ಅವನ ಸರದಿ ಬಂತು ಎಂದು ಗೊತ್ತಾದ ಕೂಡಲೇ ಎದ್ದು, ಸೆರಗು ಸರಿಮಾಡಿಕೊಂಡು, ನಡೆದುಕೊಂಡು ಹೋಗಿ ದನದ ಕೊಟ್ಟಿಗೆಯಲ್ಲಿ ನಿಂತುಕೊಂಡೆ. ಯಾರೂ ನನ್ನನ್ನು ತಳ್ಳಲಿಲ್ಲ. ಕಾಲು ನನ್ನವು, ಹೋಗಿ ಎಂದು ಅವಕ್ಕೆ ಹೇಳಿದವಳೂ ನಾನೇ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಊರಿಗಾಂನಲ್ಲಿ ಗಣಿ ಕೆಲಸದವರಿಗೆಂದು ಸಾಲಾಗಿ ಕಟ್ಟಿದ್ದ ಹಳೇ ಲೈನು ಮನೆಯೊಂದರಲ್ಲಿ ದೋಸೆ ಹಿಟ್ಟು ರುಬ್ಬಿ ಮಾರುತ್ತೇನೆ. ಪಾಪ, ಕೃಪೆ, ರಕ್ಷಣೆ ಎಂಬ ಮಾತುಗಳನ್ನು ಹುಟ್ಟಿದಾಗಿನಿಂದ ಕೇಳುತ್ತಾ ಬಂದಿದ್ದೇನೆ. ಆದರೆ ಮನೆಯಲ್ಲಿ ದಿನವಿಡೀ ಓಡುವ ಗ್ರೈಂಡರಿನ ಸದ್ದಿನ ಹಾಗೆ, ಕೇಳಿ ಕೇಳಿ ಅವು ನನಗೆ ಕೇಳಿಸುವುದೇ ನಿಂತುಹೋಗಿತ್ತು. ಪಾಪ ಅಂದರೆ ಬೇರೆಯವರು ಮಾಡುವುದು, ಅದರಲ್ಲೂ ಹೆಚ್ಚಾಗಿ ನನ್ನ ತಮ್ಮ ಮಾಡುವುದು ಎಂದು ತಿಳಿದುಕೊಂಡಿದ್ದೆ.

ಟವೆಲ್ಲಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಬೇರೆ ಸಭೆಗಳಲ್ಲಿ ಇದಿಲ್ಲ. ಕೆ.ಜಿ.ಎಫ್.ನಲ್ಲಿ ತಮಿಳಿನವರಿಗೆ ಗೋಪುರ, ಗಂಟೆ ಇರುವ ದೊಡ್ಡ ದೊಡ್ಡ ಚರ್ಚುಗಳಿವೆ. ನಮ್ಮದು ಚಿಕ್ಕ ಕನ್ನಡ ಸಭೆ. ನಮ್ಮಪ್ಪನ ಹಾಗೆ ಕಾರ್ಖಾನೆ ಕೆಲಸಕ್ಕೆಂದು ಬೇರೆ ಜಿಲ್ಲೆಗಳಿಂದ ಬಂದು ಇಲ್ಲೇ ಉಳಿದವರು ಸೇರಿ, ರಾಬರ್ಟ್‌ಸನ್‌ಪೇಟೆಯ ಒಂದು ಸೈಕಲ್ ಅಂಗಡಿಯ ಮಹಡಿಯ ಮೇಲೆ ನಡೆಸುವುದು. ಮೇಲೆ ನಾವು ಕಣ್ಣು ಮುಚ್ಚಿ ಹಾಡುತ್ತಿದ್ದರೆ ಕೆಳಗೆ ಗಾಳಿ ಪಂಪು ಹೊಡೆಯುವ ಸದ್ದು ತಾಳ ಹಾಕಿದ ಹಾಗೆ ಕೇಳಿಸುತ್ತದೆ. ನಮ್ಮಲ್ಲಿ ಹಸುಗೂಸುಗಳ ತಲೆಗೆ ನೀರು ಚಿಮುಕಿಸುವುದಿಲ್ಲ. ಬುದ್ಧಿ ಬಂದವರು ತಾವಾಗಿ ಬೇಕೆಂದು ಕೇಳಿಕೊಂಡು, ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು. ಮಹಡಿಯ ಮೇಲೆ ಮನುಷ್ಯ ಮುಳುಗುವಷ್ಟು ನೀರು ಎಲ್ಲಿಂದ ತರುವುದು? ಅದಕ್ಕೆ ಕ್ಯಾಸಂಬಳ್ಳಿಯ ಹತ್ತಿರ ಹಸು ಸಾಕಿಕೊಂಡಿರುವ ರೈತರೊಬ್ಬರ ತೋಟದ ಸಿಮೆಂಟ್ ತೊಟ್ಟಿಗೆ ಹೋಗುತ್ತೇವೆ. ಅವರು ಹಿಂದೂಗಳು. ನಮ್ಮವರೊಬ್ಬರು ಅವರ ಮನೆಯ ಹಾಲು ಕೊಳ್ಳುವ ಪರಿಚಯದ ಮೇಲೆ ತೊಟ್ಟಿ ಬಿಟ್ಟುಕೊಡುತ್ತಾರೆ.

ಮೊದಲ ಸಲ ಹೋದದ್ದು ಡಿಸೆಂಬರಿನ ಚಳಿಯಲ್ಲಿ. ಮುಳುಗಿ ಎದ್ದ ಹಿರಿಯರೊಬ್ಬರು ಪ್ರಾರ್ಥನೆ ಮುಗಿಯುವವರೆಗೆ ಒದ್ದೆ ಬಟ್ಟೆಯಲ್ಲೇ ಹಲ್ಲು ಕಡಿಯುತ್ತಾ ನಿಂತು, ಪರಲೋಕದ ಬಾಗಿಲು ತೆರೆದ ಮರುದಿನವೇ ಅದರೊಳಗೆ ಹೋಗಿಬಿಡುತ್ತಾರೇನೋ ಎನ್ನುವಂಥ ಜ್ವರ ಹಿಡಿದು ಆಸ್ಪತ್ರೆ ಸೇರಿದರು. ಅಂದಿನಿಂದ ಮುಳುಗುವವರ ಮನೆಯವರೊಬ್ಬರು ಒಣ ಟವೆಲ್ ಹಿಡಿದು ನಿಲ್ಲಬೇಕು ಎಂದಾಯಿತು. ನೆಗಡಿಗೆ ಹೆದರಿ ಶುರುವಾದದ್ದು ಬರಬರುತ್ತಾ ಶಾಸ್ತ್ರವೇ ಆಯಿತು. ಎದ್ದು ಬಂದವರನ್ನು ತೊಟ್ಟಿಯ ಪಕ್ಕ ನಿಲ್ಲಿಸಿ ಪಾಸ್ಟರ್, “ಇವರನ್ನು ಯಾರು ಕರಕೊಳ್ತೀರಿ?” ಎಂದು ಕೇಳುತ್ತಾರೆ. ಮನೆಯವರು “ನಾನು” ಎಂದು ಮುಂದೆ ಬಂದು ಟವೆಲ್ ಹೊದಿಸುತ್ತಾರೆ. ಆಮೇಲೆ ತಿಂಗಳ ಮೊದಲ ಭಾನುವಾರ ಕರ್ತನ ಭೋಜನದ ರೊಟ್ಟಿ ತಟ್ಟೆಯಲ್ಲಿ ಬಂದಾಗ, ಹೊದಿಸಿದವರೂ ಹೊದಿಸಿಕೊಂಡವರೂ ಅವತ್ತು ಮಾತ್ರ ಗಂಡಸರ ಸಾಲು, ಹೆಂಗಸರ ಸಾಲು ಎನ್ನದೆ ಒಂದೇ ಬೆಂಚಿನಲ್ಲಿ ಕೂತು ಮುರಿದು ತಿನ್ನುತ್ತಾರೆ. ಇಂಥವನಿಗೆ ಇಂಥದೊಂದು ಮನೆಯಿದೆ ಎಂದು ಸಭೆಗೆ ಗೊತ್ತಾಗುವುದು ಹೀಗೆ.

ನನ್ನ ತಮ್ಮ ಬಂಗಾರಪೇಟೆಗೂ ರಾಬರ್ಟ್‌ಸನ್‌ಪೇಟೆಗೂ ನಡುವೆ ಶೇರ್ ಆಟೋ ಓಡಿಸುತ್ತಾನೆ. ಅವನ ಪಾಪಗಳನ್ನು ಹೇಳುತ್ತಾ ಹೋದರೆ ನನಗೇ ನಗು ಬರುತ್ತದೆ, ಅದೇ ನನ್ನ ಸಿಟ್ಟಿಗೆ ಇನ್ನೊಂದು ಕಾರಣ. ನನ್ನ ಮದುವೆಯ ದಿನ ಹೂವು ಕಟ್ಟಿ ನಿಲ್ಲಿಸಿದ್ದ ಕಾರಿನ ಹಿಂದಿನ ಸೀಟಿನಲ್ಲಿ ಕುಡಿದು ಮಲಗಿ, ಒಳಗಿನಿಂದ ಲಾಕ್ ಹಾಕಿಕೊಂಡುಬಿಟ್ಟಿದ್ದ. ನನ್ನ ಮನೆಯವರು ಸೂಟು ಹಾಕಿಕೊಂಡು ಗಾಜು ತಟ್ಟಿ ತಟ್ಟಿ ಸಾಕಾಗಿ, ಕೊನೆಗೆ ಟೊಮೇಟೊ ಬುಟ್ಟಿ ತುಂಬಿದ್ದ ಒಂದು ಆಟೋದಲ್ಲಿ ಮದುವೆಗೆ ಬಂದರು. ಫೋಟೋದಲ್ಲಿ ಅವರ ಮುಖ ನೋಡಿದವರು ಹುಡುಗಿ ಇಷ್ಟವಿಲ್ಲವೇನೋ ಎಂದುಕೊಳ್ಳುತ್ತಾರೆ.

ಅಮ್ಮ ಹಾಸಿಗೆ ಹಿಡಿದಾಗ ಅವಳ ಮೈ ಒರೆಸಿದವಳು, ಗಂಜಿ ಕುಡಿಸಿದವಳು ನಾನು. ಇವನು ಮೂರು ದಿನಕ್ಕೊಮ್ಮೆ ಬಾಯಿ ವಾಸನೆ ಹೊತ್ತುಕೊಂಡು ಬಂದು, ಆಂಧ್ರದ ಬಸ್ ಕಂಡಕ್ಟರನ ಹಾಗೆ ತೆಲುಗಿನಲ್ಲಿ ಕೂಗಿ, ಅಮ್ಮನನ್ನು ನಗಿಸಿ ಹೋಗುತ್ತಿದ್ದ. ಆ ನಗುವಿಗಾಗಿ ಅಮ್ಮ ಮೂರು ದಿನ ಬಾಗಿಲು ನೋಡುತ್ತಿದ್ದಳು. ಅವಳು ಗಟ್ಟಿಯಾಗಿದ್ದ ಕಾಲದಲ್ಲೂ ಅಷ್ಟೇ. ಭಾನುವಾರದ ಸಾರಿನಲ್ಲಿ, ಹೀರಿದರೆ ಒಳಗಿನ ಮಜ್ಜೆ ಬರುವ ನಲ್ಲಿ ಮೂಳೆಯನ್ನು ಅವನಿಗೇ ಎತ್ತಿಡುತ್ತಿದ್ದಳು. ಒಂದು ಸಲ ತಡೆಯಲಾರದೆ ಕೇಳಿದ್ದೆ.

“ಅವ್ನೇನ್ ಮಾಡ್ದ ಅಂತಮ್ಮಾ ಅವ್ನಿಗ್ ನಲ್ಲಿ ಮೂಳೆ?”

ಅಮ್ಮ ಸೌಟು ನಿಲ್ಲಿಸಿ ನನ್ನನ್ನು ನೋಡಿದಳು. “ಏನ್ ಮಾಡ್ದ ಅಂತ ಕೊಡಾಕೆ ಅದೇನ್ ಕೂಲಿನೇನೆ?” ಎಂದಳು. ಉತ್ತರ ಅಷ್ಟೇ. ಅರ್ಥವಾಗಲಿಲ್ಲ. ಅವತ್ತು ನನಗೆ ಬಿದ್ದದ್ದು ಕತ್ತಿನ ತುಂಡು ಎಂಬುದು ಮಾತ್ರ ಇನ್ನೂ ನೆನಪಿದೆ.

ಅಂಥವನು ಸಭೆಗೆ ಹೇಗೆ ಬಂದ ಎಂದರೆ, ಪ್ರತಿ ಭಾನುವಾರ ಕಾಲು ನೋವಿನ ಅಜ್ಜಿಯೊಬ್ಬರನ್ನು ಆಟೋದಲ್ಲಿ ತಂದು ಬಿಡುತ್ತಿದ್ದ. ಮೆಟ್ಟಿಲು ಹತ್ತಿಸಿ, ಕೆಳಗೆ ಸೈಕಲ್ ಅಂಗಡಿಯ ಕಟ್ಟೆಯ ಮೇಲೆ ಕಾಯುತ್ತಾ ಕೂರುತ್ತಿದ್ದ. ಒಂದು ದಿನ ಬಿಸಿಲು ಜೋರಿತ್ತು, ಮೇಲೆ ಫ್ಯಾನಿತ್ತು. ಫ್ಯಾನಿಗಾಗಿ ಬಂದವನು ಪ್ರಸಂಗ ಕೇಳಿದ. ಮುಂದಿನ ವಾರ ಪ್ರಸಂಗಕ್ಕಾಗಿಯೇ ಬಂದ. ಕೆಲವು ತಿಂಗಳಲ್ಲಿ ಕುಡಿಯುವುದನ್ನು ಬಿಟ್ಟ. ಕಣ್ಣು ಮುಚ್ಚಿ ಹಾಡುತ್ತಿದ್ದ ನಾನು ಒಮ್ಮೆ ಕಣ್ಣು ಬಿಟ್ಟು ನೋಡಿದರೆ, ಗಂಡಸರ ಸಾಲಿನಲ್ಲಿ ಅವನು ನನಗಿಂತ ಗಟ್ಟಿಯಾಗಿ ಹಾಡುತ್ತಿದ್ದ. ಅದೂ ಶ್ರುತಿ ಇಲ್ಲದೆ. ಸಭೆಯವರೆಲ್ಲ ಅವನ ಕಡೆ ತಿರುಗಿ ಮುಗುಳ್ನಗುತ್ತಿದ್ದರು. ಇಷ್ಟು ವರ್ಷ ನಾನು ಶ್ರುತಿಯಲ್ಲಿ ಹಾಡಿದಾಗ ಒಬ್ಬರಾದರೂ ತಿರುಗಿ ನೋಡಿದ್ದರೇ?

ದೀಕ್ಷಾಸ್ನಾನಕ್ಕೆ ಒಂದು ವಾರವಿರುವಾಗ ಆಟೋ ನಿಲ್ಲಿಸಿ ಮನೆಗೆ ಬಂದ. ನಾನು ಹಿಟ್ಟಿನ ಡಬ್ಬಿ ತೊಳೆಯುತ್ತಿದ್ದೆ.

“ಅಕ್ಕಾ, ಟವಲ್ ನೀನೇ ಇಡ್ಕಾಬೇಕು ಕಣಕ್ಕಾ. ಅಮ್ಮ ಇದ್ದಿದ್ರೆ ಅಮ್ಮಂಗ್ ಯೋಳ್ತಿದ್ದೆ.”

“ಮೊದ್ಲು ನೀರ್ಗಿಳಿಯಲಾ. ಚಳಿ ಅಂತ ಓಡೋಗ್ತೀಯೋ ಏನೋ.”

“ನಂಗೇನಕ್ಕಾ ಭಯ? ಇಷ್ಟ್ ವರ್ಸ ತಣ್ಣಿಯಾಗೇ ಅಲ್ವಾ ನಾನ್ ಮುಳುಗಿದ್ದು!” ಎಂದ. ಆ ತಮಿಳು ಮಾತಿಗೆ ನಮ್ಮ ಕಡೆ ನೀರು ಎಂದೂ ಅರ್ಥ, ಹೆಂಡ ಎಂದೂ ಅರ್ಥ. ನನಗೆ ನಗು ಬಂತು. ನಗಬಾರದೆಂದು ಡಬ್ಬಿಯ ಒಳಗೆ ಮುಖವಿಟ್ಟು ಉಜ್ಜಿದೆ.

“ಇಡ್ಕತೀಯಾ ಇಲ್ವಾ?”

“ನೋಡಾಣ,” ಎಂದೆ.

ಅವನು ಅದನ್ನು ಹೂಂ ಎಂದೇ ತೆಗೆದುಕೊಂಡು ಹೋದ. ನಾನೂ ಟವೆಲ್ ತಂದಿಟ್ಟೆ. ಹಿಡಿಯಬೇಕೆಂದೇ ತಂದದ್ದು, ಸುಳ್ಳು ಹೇಳುವುದಿಲ್ಲ.

ಆ ದಿನ ಎಲ್ಲರೂ ಒಂದು ಟೆಂಪೋದಲ್ಲಿ ಹಾಡುತ್ತಾ ಹೋದೆವು. ತೋಟದಲ್ಲಿ ಒಂದು ಕಡೆ ಬಿರಿಯಾನಿಗೆ ಒಲೆ ಹೂಡಿದ್ದರು, ಇನ್ನೊಂದು ಕಡೆ ತೊಟ್ಟಿ ತುಂಬುತ್ತಿತ್ತು. ತೋಟದ ಯಜಮಾನಿ, ನನ್ನದೇ ವಯಸ್ಸಿನ ಹೆಂಗಸು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದು ನೀರಿನ ಪಕ್ಕದಲ್ಲೇ ನಿಂತಳು.

“ಅಕ್ಕಾ, ಸೋಪು ಗೀಪು ಆಕ್ಬೇಡ್ರಿ. ಅಸಾ ಕುಡಿಯಾ ನೀರು.”

“ಸೋಪಿಲ್ಲಮ್ಮ, ಬರೀ ಮುಳುಗಿ ಏಳೋದು,” ಎಂದರು ಪಾಸ್ಟರ್. ಅವರು ನಮಗಿಂತ ಚಿಕ್ಕವರು, ಮೈಸೂರಿನ ಕಡೆಯವರು, ಎಲ್ಲದಕ್ಕೂ ನಿಧಾನವಾಗಿ ಉತ್ತರ ಕೊಡುವವರು.

“ಅದೇ ನಂಗೆ ಅನುಮಾನ ಸಾಮಿ. ನೀವ್ ಪಾಪ ತೊಳೆಯಾಕ್ ಬಂದಿರಾದು ಅಂತಾರೆ. ಅದೆಲ್ಲಾ ತೊಟ್ಯಾಗೇ ಬಿಟ್ಟೋದ್ರೆ, ಕುಡ್ದ್ ನಮ್ಮಸ ಒದೆಯಾಕ್ ಸುರು ಮಾಡಿದ್ರೆ?”

ಎಲ್ಲರೂ ನಕ್ಕರು. ಪಾಸ್ಟರೂ ನಕ್ಕರು. “ಪಾಪ ನೀರಲ್ಲಿ ಬಿಡೋದಲ್ಲಮ್ಮ. ಹಾಗಿದ್ದಿದ್ರೆ ನಾವೆಲ್ಲ ಮನೆ ಬಚ್ಚಲಲ್ಲೇ ಮುಗಿಸ್ಕೋತಿದ್ವಿ. ಅದನ್ನ ಒಬ್ಬರು ಆಗಲೇ ಹೊತ್ಕೊಂಡು ಹೋಗಿದ್ದಾರೆ. ಹೊತ್ಕೊಂಡು ಹೋದರು ಅಂತ ನಂಬಿದವರು ಇಲ್ಲಿ ಬಂದು ಹೇಳ್ಕೋತಾರೆ ಅಷ್ಟೆ.”

“ಅಂಗಾದ್ರೆ ಸರಿ,” ಎಂದು ಅವಳು ಒಪ್ಪಿದಳು. ಆದರೂ ಒಂದು ಬಕೆಟ್ ನೀರನ್ನು ಮೊದಲೇ ಹಿಡಿದು ಹಸುಗಳಿಗೆಂದು ಬೇರೆ ಇಟ್ಟುಕೊಂಡಳು.

ನೀರಿಗಿಳಿಸುವ ಮುನ್ನ ಪಾಸ್ಟರ್ ಪ್ರತಿಯೊಬ್ಬರನ್ನೂ ಕೇಳುತ್ತಾರೆ, ಯಾರದಾದರೂ ಬಲವಂತವಿದೆಯೇ ಎಂದು. ತಮ್ಮ ಬಿಳಿ ಪಂಚೆ ಉಟ್ಟು ತೊಟ್ಟಿಯ ಮೆಟ್ಟಿಲ ಮೇಲೆ ನಿಂತಿದ್ದ. ಬಿಳಿ ಬಟ್ಟೆಯಲ್ಲಿ ಅವನನ್ನು ನೋಡಿ ನನಗೆ ಗುರುತೇ ಸಿಗಲಿಲ್ಲ. “ಯಾರ್ದೂ ಇಲ್ಲ ಪಾಸ್ಟರ್. ಇಷ್ಟ್ ದಿನ ಕೆಡಾಕೂ ಯಾರೂ ಬಲವಂತ ಮಾಡ್ಲಿಲ್ಲ, ನಾನೇ ಕೆಟ್ಟೆ. ಇವತ್ತು ನಾನೇ ಬಂದಿದೀನಿ. ಬಂದಿದೀನಿ ಅಂದ್ರೂ, ಕರ್ಕೊಂಡ್ ಬಂದಿದ್ದು ಅವನೇ,” ಎಂದು ಮೇಲೆ ಕೈ ತೋರಿಸಿದ. ಹೆಂಗಸರು ಕಣ್ಣೊರೆಸಿಕೊಂಡರು.

ನನಗೆ ಕಣ್ಣೀರು ಬರಲಿಲ್ಲ, ನಲ್ಲಿ ಮೂಳೆ ನೆನಪಿಗೆ ಬಂತು. ಎಲ್ಲಾ ಕೆಡಿಸಿ, ಎಲ್ಲರನ್ನೂ ಅಳಿಸಿ, ಕೊನೆಗೆ ಒಂದು ಮುಳುಗು ಹಾಕಿ ನನ್ನ ಸಮಕ್ಕೆ ಬಂದುಬಿಡುವುದೇ? ಹಾಗಾದರೆ ಅಷ್ಟು ವರ್ಷ ಬೆಳಿಗ್ಗೆ ಎದ್ದು ಪ್ರಾರ್ಥಿಸಿ, ಒಂದು ಭಾನುವಾರವನ್ನೂ ತಪ್ಪಿಸದೆ ನಾನು ಗಳಿಸಿದ್ದೇನು? ಟವೆಲ್ ಬ್ಯಾಗಿನಲ್ಲಿತ್ತು. ಪಕ್ಕದವರಿಗೆ, “ಬಿರಿಯಾನಿ ತಳ ಇಡೀತದೇನೋ ನೋಡಿ ಬತ್ತೀನಿ,” ಎಂದು ಹೇಳಿ ಎದ್ದೆ. ಬಿರಿಯಾನಿಯ ಕಡೆಗೂ ಹೋಗಲಿಲ್ಲ.

ಕೊಟ್ಟಿಗೆಯ ಗೋಡೆಯಲ್ಲಿ ಒಂದು ಸಂದು ಇತ್ತು. ಅದರಲ್ಲಿ ಎಲ್ಲ ಕಾಣುತ್ತಿತ್ತು. ಅವನು ಮುಳುಗಿ ಎದ್ದ. ನೀರು ಇಳಿಯುತ್ತಾ ನಿಂತ. ಪಾಸ್ಟರ್ ಕೇಳಿದರು. ಯಾರೂ ಬರಲಿಲ್ಲ. ಅವರು ಸುತ್ತ ನೋಡಿ ಮತ್ತೆ ಕೇಳಿದರು. ತಮ್ಮ ಹೆಂಗಸರ ಕಡೆ ನೋಡಿದ, ಒಲೆಯ ಕಡೆ ನೋಡಿದ, ಆಮೇಲೆ ತಲೆ ಬಗ್ಗಿಸಿ ತನ್ನ ಕಾಲನ್ನೇ ನೋಡುತ್ತಾ ನಿಂತ. ಕೊಟ್ಟಿಗೆಯಲ್ಲಿ ನನ್ನ ಪಕ್ಕದ ಹಸು ನನ್ನ ಸೆರಗನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತಿತ್ತು. ಅದನ್ನು ಬಿಡಿಸಿಕೊಳ್ಳುವುದೇ ದೊಡ್ಡ ಕೆಲಸವೆಂಬಂತೆ ನಾನು ಬಿಡಿಸಿಕೊಳ್ಳತೊಡಗಿದೆ.

ಆಗ ತೋಟದ ಯಜಮಾನಿಯ ಗಂಟಲು ಕೇಳಿಸಿತು. “ಅಯ್ಯೋ, ಏನ್ ಜನಾನಪ್ಪಾ ನೀವು! ಅವ್ನು ನಡುಗ್ತಾ ಅವ್ನೆ, ಇವ್ರು ನಿಂತ್ಕಂಡು ಪ್ರಶ್ನೆ ಕೇಳ್ತಾವ್ರೆ! ಬಾರಪ್ಪಾ, ನಾನ್ ಕರ್ಕಂತೀನಿ.” ಹಾಲು ಕರೆಯುವಾಗ ಕೈ ಒರೆಸಲು ಹೆಗಲ ಮೇಲೆ ಹಾಕಿಕೊಂಡಿದ್ದ ಟವೆಲ್ಲನ್ನು ತೆಗೆದು ಅವನಿಗೆ ಹೊದಿಸಿ, ತಲೆಯನ್ನು ಗಸಗಸ ಒರೆಸಿದಳು.

ಊಟದ ಹೊತ್ತಿಗೆ ಹಿರಿಯರ ನಡುವೆ ದೊಡ್ಡ ಚರ್ಚೆ ಎದ್ದಿತು. ಇದು ನಡೆಯುತ್ತದೋ ಇಲ್ಲವೋ? ಆಕೆ ನಮ್ಮ ಸಭೆಯವಳಲ್ಲ, ನಂಬಿದವಳೂ ಅಲ್ಲ, ಟವೆಲ್ ಬೇರೆ ಕೊಟ್ಟಿಗೆಯದು. ಇನ್ನೊಂದು ಸಲ ಮುಳುಗಿಸಿ ತೆಗೆಯೋಣವೇ ಎಂದರು ಒಬ್ಬರು.

“ಇನ್ನೊಂದ್ ಕಿತಾ ಮುಳುಗ್ಸಿದ್ರೆ ಎದ್ದೇಳಲ್ಲ ಅವ್ನು,” ಎಂದಳು ಯಜಮಾನಿ, ಎಲೆಗೆ ಬಡಿಸಿದ್ದ ಬಿರಿಯಾನಿ ತಿನ್ನುತ್ತಲೇ.

“ಆ ಟವೆಲ್ ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ. ಇದ್ದವರ ಕೈಯಿಂದ ದೇವರು ಕೊಡಿಸಿದ್ರು,” ಎಂದರು ಪಾಸ್ಟರ್. ಅವರು ನನ್ನ ಕಡೆ ನೋಡಲಿಲ್ಲ. ನನ್ನ ಬ್ಯಾಗು ತೊಡೆಯ ಮೇಲಿತ್ತು.

ತಮ್ಮ ನನ್ನ ಹತ್ತಿರ ಬಂದ. ಬೈಯುತ್ತಾನೆ ಎಂದು ಕಾದೆ. ಬೈದರೆ ತಿರುಗಿ ಬೈಯಲು ಮದುವೆಯ ಕಾರಿನಿಂದ ಹಿಡಿದು ಎಲ್ಲವನ್ನೂ ಜೋಡಿಸಿ ಇಟ್ಟುಕೊಂಡಿದ್ದೆ.

“ಬಿರಿಯಾನಿ ತಳ ಇಡೀಲಿಲ್ಲ ಬಿಡಕ್ಕಾ, ಚೆನ್ನಾಗದೆ,” ಎಂದು ಹೇಳಿ ಇನ್ನೊಂದು ಸೌಟು ಹಾಕಿಸಿಕೊಂಡು ಹೋದ.

ಆ ಸಂಜೆಯೇ ಸಭೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೋ ಬಂತು. ಚೌಕಳಿ ಟವೆಲ್ಲಿನಲ್ಲಿ ತಮ್ಮ, ಪಕ್ಕದಲ್ಲಿ ಗೆದ್ದವಳ ಹಾಗೆ ನಗುತ್ತಿರುವ ಯಜಮಾನಿ. ಎಲ್ಲರೂ ಕೈ ಮುಗಿದ ಗುರುತು ಹಾಕಿದ್ದರು. ನಾನೂ ಹಾಕಿದೆ. ಅಷ್ಟು ಧೈರ್ಯ ನನಗೆ!

ತಿಂಗಳ ಮೊದಲ ಭಾನುವಾರ ಬಂತು. ನಮ್ಮ ಸಭೆಯಲ್ಲಿ ರೊಟ್ಟಿ ಹಂಚುವ ಮೊದಲು, ಒಡಹುಟ್ಟಿದವರ ಮೇಲೆ ಏನಾದರೂ ಇದ್ದರೆ ಹೋಗಿ ಸರಿಮಾಡಿಕೊಂಡು ಬನ್ನಿ, ಇಲ್ಲವಾದರೆ ತಟ್ಟೆಯನ್ನು ಪಕ್ಕದವರಿಗೆ ದಾಟಿಸಿ ಎಂದು ಹೇಳುತ್ತಾರೆ. ಎಷ್ಟೋ ವರ್ಷದಿಂದ ಆ ಮಾತು ಬೇರೆ ಬೆಂಚುಗಳಿಗೆ ಎಂದು ಕೇಳಿಸಿಕೊಂಡಿದ್ದೆ. ಅವತ್ತು ತಟ್ಟೆ ಬಂದಾಗ ನನ್ನ ಕೈ ಏಳಲಿಲ್ಲ. ದಾಟಿಸಿದೆ. ಪಕ್ಕದಲ್ಲಿದ್ದ ಎದುರು ಮನೆಯ ಅಕ್ಕ, ತಮಿಳಿನವಳಾದರೂ ನಮ್ಮ ಸಭೆಗೇ ಬರುವವಳು, ಹುಬ್ಬೇರಿಸಿದಾಗ ದವಡೆ ಮುಟ್ಟಿ ತೋರಿಸಿ, “ಹಲ್ ನೋವು,” ಎಂದೆ. ಮುಂದಿನ ತಿಂಗಳೂ ಹಲ್ಲು ನೋವು ಬಂತು. ಅದರ ಮುಂದಿನ ತಿಂಗಳೂ.

“ಎನ್ನಕ್ಕಾ ಇದು,” ಎಂದಳು ಅವಳು ಮೆಟ್ಟಿಲಿಳಿಯುವಾಗ, “ಮೊದಲ್ನೇ ಭಾನುವಾರ ಮಾತ್ರ ಕರೆಕ್ಟಾ ಬರುತ್ತೆ? ನಿನ್ ಹಲ್ಲಿಗೆ ಕ್ಯಾಲೆಂಡರ್ ಗೊತ್ತಾ?”

ಅದಕ್ಕೆ ನಕ್ಕುಬಿಟ್ಟೆ. ಆಮೇಲೆ ಅವಳು ದನಿ ಇಳಿಸಿ ಕೇಳಿದ್ದಕ್ಕೆ ನಗಲಾಗಲಿಲ್ಲ. “ನಿನ್ ತಮ್ಮನೂ ರೊಟ್ಟಿ ತಗೊಳ್ತಿಲ್ಲ. ತಿರುಗಾ ಕುಡಿಯೋಕೆ ಶುರು ಮಾಡ್ಬಿಟ್ನಾಮೇ? ಎಲ್ರೂ ಅಂಗೇ ಮಾತಾಡ್ತಾರೆ.”

ಅವನು ಕುಡಿಯುತ್ತಿಲ್ಲವೆಂದು ನನಗೆ ಗೊತ್ತಿತ್ತು. ಹಿಂದಿನ ದಿನವಷ್ಟೇ ಮನೆಗೆ ಬಂದು ಮಜ್ಜಿಗೆ ಕುಡಿದು ಹೋಗಿದ್ದ. ‘ಇಲ್ಲ’ ಎಂದು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ನಾನು ಚಪ್ಪಲಿ ಹುಡುಕುವವಳ ಹಾಗೆ ಬಗ್ಗಿ, “ಏನೋ ಗೊತ್ತಿಲ್ಲಪ್ಪಾ,” ಎಂದೆ. ಟವೆಲ್ ಹಿಡಿಯದ್ದಕ್ಕಿಂತ ಇದು ಕೆಟ್ಟದ್ದು ಎಂದು ಈಗ ಅನ್ನಿಸುತ್ತದೆ. ಅಲ್ಲಾದರೂ ಹಸು ಸೆರಗು ಹಿಡಿದಿತ್ತು.

ಪಾಸ್ಟರ್ ಒಂದು ಬೆಳಿಗ್ಗೆ ಹಿಟ್ಟು ಕೊಳ್ಳಲು ಬಂದರು. ಅವರ ಮನೆಯಲ್ಲಿ ದೋಸೆ ಮಾಡುವುದು ಶನಿವಾರ, ಬಂದದ್ದು ಬುಧವಾರ. ಹಿಟ್ಟಿಗಲ್ಲ ಎಂದು ಗೊತ್ತಾಯಿತು. ಅವರು ಕೇಳುವ ಮುನ್ನ ನಾನೇ ಶುರುಮಾಡಿದೆ.

“ಅವತ್ತು ಸೈತಾನ್ ನನ್ ಕಾಲ್ ಇಡ್ಕಂಡು ಕೊಟ್ಟಿಗೆಗ್ ಎಳ್ಕಂಡೋದ ಪಾಸ್ಟರ್.”

“ಪಾಪ, ಅವನ ಮೇಲೆ ಎಷ್ಟು ಅಂತ ಹೊರಿಸ್ತೀರಕ್ಕಾ? ನಿಮ್ಮನ್ನ ಎಳೆಯೋಷ್ಟು ಶಕ್ತಿ ನಿಮ್ಮ ಯಜಮಾನರಿಗೇ ಇಲ್ಲ,” ಎಂದರು. ಒಳಗೆ ಶರಟಿಗೆ ಇಸ್ತ್ರಿ ಹಾಕುತ್ತಿದ್ದ ನನ್ನ ಮನೆಯವರು ಕೆಮ್ಮಿದ ಸದ್ದು ಕೇಳಿಸಿತು.

ಸರಿ, ಇದ್ದದ್ದನ್ನೆಲ್ಲಾ ಹೊರಗೆ ಹಾಕಿದೆ. ಅಮ್ಮ, ನಲ್ಲಿ ಮೂಳೆ, ಕಾರು, ಎಲ್ಲಾ. “ನಾನ್ ಚಿಕ್ಕಂದಿನಿಂದ ಒಂದ್ ಭಾನುವಾರ ತಪ್ಪಿಸ್ದವ್ಳಲ್ಲ. ಅವ್ನು ನೆನ್ನೆ ಬಂದ. ಅವ್ನಿಗೆ ಎಲ್ಲಾ ಪುಗಸಟ್ಟೆ ಸಿಕ್ತಲ್ಲ, ಇದು ನ್ಯಾಯನಾ?”

“ನ್ಯಾಯ ಅಲ್ಲ ಅಕ್ಕಾ,” ಎಂದರು ಅವರು. “ನ್ಯಾಯ ಆಗಿದ್ದಿದ್ರೆ ಅವನೂ ಇರ್ತಿರಲಿಲ್ಲ, ನಾನೂ ಇರ್ತಿರಲಿಲ್ಲ. ನಿಮ್ಮದೂ ಪುಗಸಟ್ಟೆನೇ.”

“ನಂದಾ?”

“ನಿಮ್ಮದೇ.”

ಅಷ್ಟು ವರ್ಷ ಚಳಿಯಲ್ಲಿ ಎದ್ದು ಮಂಡಿ ಸವೆಸಿದವಳಿಗೆ ಹೀಗೆ ಹೇಳಬಹುದೇ? ಸಿಟ್ಟಿನಿಂದ ಹಿಟ್ಟನ್ನು ಅಳತೆಗಿಂತ ಜಾಸ್ತಿ ಹಾಕಿಬಿಟ್ಟೆ. ಅವರು ಡಬ್ಬಿ ಎತ್ತಿಕೊಂಡು ಬಾಗಿಲ ಹತ್ತಿರ ನಿಂತು ಹೇಳಿದರು: “ನಿಮ್ಮ ತಮ್ಮ ಯಾಕೆ ತಟ್ಟೆ ದಾಟಿಸ್ತಾನೆ ಅಂತ ಕೇಳಿದೆ. ಅಕ್ಕನಿಗೆ ನನ್ನ ಮೇಲೆ ಏನೋ ಇದೆ, ಅವಳು ತಗೊಳ್ಳದೆ ನಾನು ಹೇಗೆ ತಗೊಳ್ಳಲಿ, ಅವಳು ಬರೋವರೆಗೂ ಕಾಯ್ತೀನಿ ಅಂದ.”

ಅವರು ಹೋದ ಮೇಲೆ ಗ್ರೈಂಡರ್ ಹಾಕಿ, ಅದರ ಸದ್ದಿನಲ್ಲಿ ಅತ್ತೆ. ನಲ್ಲಿ ಮೂಳೆ ಕೂಲಿಯಲ್ಲ ಎಂದು ಅಮ್ಮ ಹೇಳಿದ್ದಳು. ನನ್ನ ತಟ್ಟೆಗೆ ಬಿದ್ದ ಕತ್ತಿನ ತುಂಡೂ ಕೂಲಿಯಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ. ಎರಡನ್ನೂ ಬಡಿಸಿದ ಕೈ ಒಂದೇ. ಯಾರಿಗೆ ಏನು ಬಿತ್ತು ಎಂದು ನೋಡುತ್ತಾ ಕೂತು, ನನ್ನ ಊಟ ತಣ್ಣಗಾಗಿತ್ತು.

ತಪ್ಪು ಗೊತ್ತಾದ ಕೂಡಲೇ ಬಾಯಿ ತೆರೆಯಿತು ಎಂದುಕೊಳ್ಳಬೇಡಿ. ನಮ್ಮ ಮನೆಯಲ್ಲಿ ಯಾರೂ ಕ್ಷಮಿಸು ಎಂದು ಹೇಳಿದ್ದೇ ಇಲ್ಲ, ಒಂದು ತುಂಡು ಜಾಸ್ತಿ ಬಡಿಸಿದರೆ ಅದೇ ಕ್ಷಮಾಪಣೆ. ಹಾಗಾಗಿ ತಮ್ಮನನ್ನು ಊಟಕ್ಕೆ ಕರೆದೆ. ಮತ್ತೆ ಕರೆದೆ. ಕೋಳಿ ಸಾರು, ಮುದ್ದೆ, ಕಾಲು ಸೂಪು. ಅವನು ತಿಂದು, ಬೆವರು ಒರೆಸಿಕೊಂಡು, ಸಂತೋಷವಾಗಿ ಹೋಗುತ್ತಿದ್ದ. “ಏನಕ್ಕಾ, ನಂಗೇನಾದ್ರೂ ಕಾಯ್ಲೆ ಅಂತ ಡಾಕ್ಟ್ರು ನಿಂಗ್ ಯೋಳವ್ರಾ? ಇಂಗ್ ತಿನ್ನಿಸ್ತಾ ಇದ್ದೀಯ,” ಎಂದೂ ಕೇಳಿದ. ಮಾತು ಗಂಟಲವರೆಗೆ ಬಂದು, ಅನ್ನದ ಜೊತೆ ಕೆಳಗಿಳಿಯುತ್ತಿತ್ತು. ಮೊದಲ ಭಾನುವಾರ ಹತ್ತಿರ ಬರುತ್ತಿತ್ತು. ಈ ಸಲವೂ ತಟ್ಟೆ ನಮ್ಮಿಬ್ಬರನ್ನೂ ದಾಟಿ ಹೋದರೆ, ಸಭೆಯವರ ಬಾಯಲ್ಲಿ ಅವನು ಕುಡುಕನೇ ಆಗಿ ಉಳಿಯುತ್ತಿದ್ದ. ಅವನಿಗೂ ಎಷ್ಟು ದಿನ ಕಾಯಲಾದೀತು?

ಅದರ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಉದ್ದಿನ ಬೇಳೆ ತರಲು ಬಂಗಾರಪೇಟೆಗೆ ಹೋಗಿದ್ದೆ. ವಾಪಸ್ಸು ಬರುವಾಗ ಸ್ಟೇಷನ್ ಹತ್ತಿರ ಸಾಲಿನಲ್ಲಿ ಮೊದಲು ನಿಂತಿದ್ದದ್ದು ಅವನದೇ ಆಟೋ. ಹಿಂದೆ ಜನ ತುಂಬಿದ್ದರು. ಮಡಿಲಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡ ಹೆಂಗಸು, ಕಿವಿಗೆ ಇಯರ್‌ಫೋನ್ ಹಾಕಿಕೊಂಡ ಕಾಲೇಜು ಹುಡುಗಿ, ಮೆಣಸಿನ ಸಸಿಗಳ ಚೀಲ ಹಿಡಿದ ಒಬ್ಬ ಮುದುಕರು, ಇನ್ನಿಬ್ಬರು.

“ಮುಂದೆ ಬಾಕ್ಕಾ, ನನ್ ಪಕ್ಕ ಕೂತ್ಕ. ನೀನ್ ಗಟ್ಟಿ ಇಡ್ಕಂಡ್ರೆ ಬೀಳಲ್ಲ,” ಎಂದ. ಅವನ ಸೀಟಿನ ಅರ್ಧಕ್ಕೆ ಒರಗಿ, ಬೇಳೆಯ ಚೀಲ ಕಾಲ ನಡುವೆ ಇಟ್ಟುಕೊಂಡು ಕೂತೆ. ಆಟೋ ಹೊರಟಾಗ ಇಂಜಿನ್ನಿನ ಸದ್ದಿಗೆ ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ. ಇದೇ ಒಳ್ಳೆಯ ಸಮಯ ಎನಿಸಿತು. ಹೇಳಿದ ಹಾಗೂ ಆಗಬೇಕು, ಪೂರ್ತಿ ಕೇಳಿಸಲೂ ಬಾರದು. ರಸ್ತೆಯನ್ನೇ ನೋಡುತ್ತಾ, ಒಂದೇ ಉಸಿರಿಗೆ ಏನೇನೋ ಗೊಣಗಿದೆ.

“ಆಂ? ಏನಕ್ಕಾ?”

“ಏನಿಲ್ಲ, ರೋಡ್ ನೋಡು.”

ಅಷ್ಟರಲ್ಲಿ ರೈಲ್ವೆ ಗೇಟು ಬಂತು. ಹಾಕಿತ್ತು. ಅವನು ಇಂಜಿನ್ ಆಫ್ ಮಾಡಿದ. ಇದ್ದಕ್ಕಿದ್ದ ಹಾಗೆ ಎಷ್ಟು ಮೌನವಾಯಿತೆಂದರೆ ಬುಟ್ಟಿಯ ಹೂವಿಗೆ ಮುತ್ತಿದ್ದ ನೊಣದ ಸದ್ದೂ ಕೇಳುತ್ತಿತ್ತು.

“ಈಗ್ ಯೋಳಕ್ಕಾ.”

“ಗೇಟ್ ತೆಗೀಲಿ, ಆಮೇಲ್ ಯೋಳ್ತೀನಿ.”

“ಗೇಟ್ ತೆಗ್ದ್ರೆ ಇಂಜಿನ್ ಆಕ್ಬೇಕು. ಏನೂ ಕೇಳಿಸಲ್ಲ.”

“ಯೋಳಮ್ಮಾ,” ಎಂದರು ಹಿಂದುಗಡೆಯಿಂದ ಮುದುಕರು. “ರೈಲ್ ಬರಾಕೆ ಇನ್ನೂ ಒತ್ತದೆ. ನಮ್ಗೂ ಒತ್ತೋಗ್ಬೇಕು.” ಹುಡುಗಿ ಇಯರ್‌ಫೋನ್ ತೆಗೆದು ಕೈಯಲ್ಲಿಟ್ಟುಕೊಂಡಳು.

ಬೇಳೆಯ ಚೀಲದ ಗಂಟನ್ನು ಬಿಗಿಮಾಡಿದೆ. “ಕ್ಯಾಸಂಬಳ್ಳಿ ತೋಟದ್ ವಿಷ್ಯ ಕಣ್ಲಾ,” ಎಂದೆ.

ಅವನು ಹ್ಯಾಂಡಲ್ಲಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದ. “ಅದಾ? ಅದುನ್ನ ಅವತ್ತೇ ಬಿಟ್ಟಾಕ್ದೆ ಬಿಡಕ್ಕಾ. ನೀನ್ ಕೊಟ್ಟಿಗೇಲಿದ್ದಿದ್ದು ನಂಗ್ ಗೊತ್ತಿತ್ತು. ನಿನ್ ಸೀರೆ ಸೆರಗು ಹೊರಗ್ ಕಾಣ್ತಿತ್ತಲ್ಲ, ಅಸಾ ಎಳೀತಿದ್ದಿದ್ದೂ ನೋಡ್ದೆ. ನಗು ಬಂದ್ಬಿಡ್ತದೆ ಅಂತ ತಲೆ ಬಗ್ಗಿಸ್ಕಂಡೆ.”

ಅಷ್ಟು ತಿಂಗಳು ನಾನು ಹೊತ್ತು ತಿರುಗಿದ್ದನ್ನು ಅವನು ಆಗಲೇ ಇಳಿಸಿಟ್ಟು, ಬಿರಿಯಾನಿ ತಿಂದು, ನನಗಾಗಿ ಕಾಯುತ್ತಾ ಕೂತಿದ್ದ. ನಾನು ಬಾಯಿ ತೆರೆಯುವ ಮುಂಚೆಯೇ ಎಲ್ಲಾ ಮುಗಿದಿತ್ತು. ಬೇಕಿದ್ದರೆ ಅಲ್ಲಿಗೇ ಬಿಡಬಹುದಿತ್ತು. ಗೇಟಿನ ಆಚೆಯಿಂದ ರೈಲಿನ ಶಬ್ದ ದೂರದಲ್ಲಿ ಶುರುವಾಗಿತ್ತು, ಇನ್ನು ಸ್ವಲ್ಪ ತಡೆದರೆ ಅದೇ ನನ್ನನ್ನು ಉಳಿಸುತ್ತಿತ್ತು.

“ಸರಿ ಬಿಡಕ್ಕಾ,” ಎಂದ ಅವನು ಮತ್ತೆ. “ಏನೂ ಯೋಳ್ಬೇಡ.”

“ನೀನ್ ಸುಮ್ನಿರ್ಲಾ,” ಎಂದೆ. “ನೀನ್ ಬಿಟ್ಟಾಕಿದ್ರೂ ನಾನ್ ಯೋಳ್ಬೇಕು.” ರೈಲು ಹತ್ತಿರ ಬರುತ್ತಿತ್ತು. ಅದಕ್ಕಿಂತ ಜೋರಾಗಿ, ಆಟೋದಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದೆ:

“ನಾನ್ ಬೇಕು ಅಂತ್ಲೇ ಬರ್ಲಿಲ್ಲ ಕಣ್ಲಾ ತಮ್ಮಾ. ಒಟ್ಟೆಕಿಚ್ಚು ನಂಗೆ. ನೀನ್ ಒದ್ದೆ ಮೈಯಾಗೆ ನಿಂತಿದ್ದು ನೋಡ್ತಾನೇ ಇದ್ದೆ, ಆದ್ರೂ ಬರ್ಲಿಲ್ಲ. ನೀನ್ ತಿರ್ಗಾ ಕುಡೀತಿದ್ದೀಯ ಅಂತ ಜನ ಅಂದಾಗ, ಇಲ್ಲ ಅಂತ ಗೊತ್ತಿದ್ದೂ ಇಲ್ಲ ಅನ್ನಲಿಲ್ಲ. ತಪ್ಪೆಲ್ಲಾ ನಂದೇ. ನನ್ನ ಕ್ಷಮಿಸ್ಬಿಡು.”